ನಕ್ಕವರು ಪಕ್ಕದಲ್ಲಿ ಕೂರಬೇಕು

ನನಗೆ ಕೋಪ ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಮಾಡಲಿರುವ ಹೊಗಳಿಕೆ ನಿಮಗೆ ಅಗ್ಗವಾಗಿ ಕಂಡೀತು. ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಉಗ್ರಾಣದಲ್ಲಿ ಇಪ್ಪತ್ತೇಳು ವರ್ಷ ಗುಮಾಸ್ತನಾಗಿದ್ದವನು ನಾನು. ಬೆಡ್‌ಶೀಟು, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಯಾವುದೂ ನನ್ನ ಕಣ್ಣು ತಪ್ಪಿಸಿ ಬಾಗಿಲು ದಾಟುತ್ತಿರಲಿಲ್ಲ. ಒಬ್ಬರನ್ನು ಹೊಗಳುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡ ಹಾಗೆ. ಬೈಯುವುದು ಮಾತ್ರ ಉಸಿರಾಡಿದಷ್ಟು ಸಲೀಸು.

ಉಗ್ರಾಣಕ್ಕೆ ಅಂಟಿಕೊಂಡ ಚಿಕ್ಕ ಕೋಣೆಯಲ್ಲಿ ಹೊಲಿಗೆ ಅಕ್ಕ ಕೂರುತ್ತಿದ್ದರು. ‘ಕೂರುತ್ತಿದ್ದರು’ ಎಂದು ಈಗ ಬರೆಯುತ್ತಿದ್ದೇನೆ. ಆಗ ನನ್ನ ಬಾಯಲ್ಲಿ ಅವರು ಬರೀ ‘ಅವಳು’. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ದೊಡ್ಡವರು, ಆದರೂ ‘ಏನಮ್ಮಾ, ಆ ಕಟ್ಟು ಮುಗಿಸಿದೆಯಾ ಇಲ್ಲವಾ’ ಎಂದೇ ನನ್ನ ದಿನ ಶುರುವಾಗುತ್ತಿತ್ತು. ಅವರು ಕಾಲಲ್ಲಿ ತುಳಿಯುವ ಹಳೆಯ ಮಷಿನ್ನಿನ ಹಿಂದಿನಿಂದ, ಒಂದು ಕಡ್ಡಿ ಮುರಿದು ದಾರ ಕಟ್ಟಿದ ಕನ್ನಡಕದ ಮೇಲಿನಿಂದ ನೋಡಿ, ‘ಮುಗಿಸ್ತಿದೀನಿ ಸಾರ್, ಹತ್ತು ನಿಮಿಷ ಕೊಡಿ’ ಅನ್ನುತ್ತಿದ್ದರು. ಅವರು ಎಲ್ಲರಿಗೂ ನೀವು, ತಾವು, ಬನ್ನಿ, ಹೋಗಿ. ಕಸ ಗುಡಿಸುವವರಿಗೂ ಅದೇ, ದೊಡ್ಡ ಡಾಕ್ಟರಿಗೂ ಅದೇ. ಉಗ್ರಾಣದ ಬೆಕ್ಕು ಬಟ್ಟೆಯ ರಾಶಿಯ ಮೇಲೆ ಮಲಗಿದ್ದರೆ, ‘ಸ್ವಲ್ಪ ಏಳ್ತೀರಾ?’ ಎಂದು ಅದನ್ನೂ ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಇದು ಬೆಣ್ಣೆ ಹಚ್ಚುವ ಬುದ್ಧಿ ಎಂದು ನಾನು ಬಹಳ ವರ್ಷ ನಂಬಿದ್ದೆ. ಬೆಕ್ಕಿಗೆ ಬೆಣ್ಣೆ ಹಚ್ಚಿ ಯಾರಿಗೆ ಏನು ಸಿಗುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ.

ಅವರ ಕೆಲಸ ಹರಿದದ್ದನ್ನು ಹೊಲಿಯುವುದು. ಆಸ್ಪತ್ರೆಯ ಬೆಡ್‌ಶೀಟು ಮೊದಲು ಸವೆಯುವುದು ನಡುವಿನಲ್ಲಿ, ರೋಗಿಯ ಮೈ ಒತ್ತುವ ಜಾಗದಲ್ಲಿ. ಅಂಚುಗಳು ಹೊಸದರಂತೆಯೇ ಇರುತ್ತವೆ. ಅಕ್ಕ ಅದನ್ನು ಉದ್ದಕ್ಕೆ ಸರಿಯಾಗಿ ಎರಡು ಹೋಳು ಮಾಡಿ, ಅಂಚುಗಳೆರಡನ್ನೂ ತಂದು ನಡುವೆ ಜೋಡಿಸಿ ಹೊಲಿಯುತ್ತಿದ್ದರು. ಸವೆದ ಭಾಗ ಪಕ್ಕಕ್ಕೆ ಹೋಗಿ ಹಾಸಿಗೆಯಡಿ ಮಡಚಿಕೊಳ್ಳುತ್ತಿತ್ತು. ಬೆಡ್‌ಶೀಟಿಗೆ ಇನ್ನೆರಡು ವರ್ಷ ಆಯುಸ್ಸು. ನಡುವಿನ ಹೊಲಿಗೆ ಬೆನ್ನಿಗೆ ಒತ್ತಬಾರದೆಂದು ಅದನ್ನು ಉಗುರಿನಿಂದ ಉಜ್ಜಿ ಉಜ್ಜಿ ಚಪ್ಪಟೆ ಮಾಡುತ್ತಿದ್ದರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಮಾಡಿದ್ದಕ್ಕೆ ಯಾರೂ ಶಹಬ್ಬಾಸ್ ಅಂದಿರಲೂ ಇಲ್ಲ.

ಒಂದು ವರ್ಷ ಒಂದು ಆದೇಶ ಬಂತು. ಬಟ್ಟೆ ಒಗೆಯುವ ವಿಭಾಗಕ್ಕೆ ಹೊಸ ಮಷಿನ್‌ಗಳು ಬರುತ್ತವೆ, ಅವುಗಳ ಮೇಲಿನ ಸೂಚನೆ ಓದಲು ಬಾರದವರಿಗೆ ಇನ್ನು ಇಲ್ಲಿ ಕೆಲಸವಿಲ್ಲ, ನಾಲ್ಕು ತಿಂಗಳ ನಂತರ ಪರೀಕ್ಷೆ. ವಿಭಾಗದಲ್ಲಿ ಓದು ಬಾರದವರು ಹನ್ನೊಂದು ಜನ. ಅವರಿಗೆ ಪಾಠ ಹೇಳುವವರು ಯಾರಾದರೂ ಇದ್ದೀರಾ ಎಂದು ಮೇಲ್ವಿಚಾರಕರು ಕೇಳಿದರು. ನರ್ಸುಗಳಿಗೆ ಪುರುಸೊತ್ತಿಲ್ಲ. ನನ್ನನ್ನು ಕೇಳಿದಾಗ, ‘ಕಬ್ಬಿಣಕ್ಕೆ ಬರಹ ಕಲಿಸೋಕೆ ನಾನೇ ಬೇಕಾ ಸಾರ್?’ ಎಂದು ಎಲ್ಲರೆದುರೇ ಹೇಳಿದೆ. ಹನ್ನೊಂದು ಜನವೂ ಅಲ್ಲೇ ನಿಂತಿದ್ದರು. ಆಗ ಹಿಂದಿನ ಸಾಲಿನಿಂದ ಹೊಲಿಗೆ ಅಕ್ಕ, ‘ನಾನು ಏಳನೇ ಕ್ಲಾಸು. ಅಷ್ಟರಲ್ಲೇ ಆಗೋದಾದ್ರೆ ನಾನು ಹೇಳ್ಕೊಡ್ತೀನಿ’ ಅಂದರು.

ಜಾಗ ನನ್ನ ಉಗ್ರಾಣ, ಹೊತ್ತು ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಹಾಗಾಗಿ ನನ್ನ ಮೇಜಿನ ಎದುರಲ್ಲೇ ನನಗೆ ಬೇಡದ ಶಾಲೆಯೊಂದು ತೆರೆಯಿತು.

ಮೊದಲ ದಿನ ಅವರೇನು ಮಾಡುತ್ತಾರೋ ನೋಡೋಣ ಎಂದು ನಾನು ರಿಜಿಸ್ಟರಿನ ಹಿಂದೆ ಕಿವಿ ನಿಮಿರಿಸಿ ಕೂತಿದ್ದೆ. ಅ ಆ ಇ ಈ ಬರಲಿಲ್ಲ. ಅಕ್ಕ ಹಳೆಯ ಬೆಂಚುಗಳನ್ನು ದುಂಡಗೆ ಎಳೆಸಿ, ಎಲ್ಲರನ್ನೂ ಕೂರಿಸಿ, ತಾವೂ ಒಂದು ಬೆಂಚಿನಲ್ಲಿ ಕೂತರು. ಆಮೇಲೆ ಕೇಳಿದರು: ‘ನೀವೆಲ್ಲ ಚಿಕ್ಕವರಿದ್ದಾಗ ಎರಡು ದಿನವಾದ್ರೂ ಶಾಲೆ ಕಡೆ ಹೋಗಿರ್ತೀರಿ. ಯಾರು ಏನು ಅಂದ್ರು ಅಂತ ಬಿಟ್ರಿ?’

ಅಕ್ಕ ತಾವೇ ಮೊದಲು ಹೇಳಿದರು. ‘ನಾನು ಏಳನೇ ಕ್ಲಾಸಲ್ಲಿ ಒಂದು ಪ್ರಶ್ನೆ ಕೇಳಿದೆ. ಭಾಗಾಕಾರದಲ್ಲಿ ಶೇಷ ಉಳಿದ್ರೆ ಅದನ್ನ ಯಾಕೆ ಬಿಟ್ಬಿಡ್ತೀವಿ, ಅದು ಎಲ್ಲಿಗೆ ಹೋಗುತ್ತೆ ಅಂತ. ಮೇಷ್ಟ್ರು ಅಧಿಕಪ್ರಸಂಗಿ ಅಂದ್ರು. ಆವತ್ತಿಂದ ನನ್ನ ಹೆಸರೇ ಅದಾಯ್ತು. ಹಾಜರಿ ಕೂಗೋವಾಗಲೂ ಅಧಿಕಪ್ರಸಂಗಿ ಬಂದಿದಾಳಾ ಅಂತ. ವರ್ಷ ಮುಗಿಯೋದರೊಳಗೆ ನಾನೇ ಬಿಟ್ಟೆ. ಶೇಷ ಎಲ್ಲಿಗೆ ಹೋಯ್ತು ಅಂತ ಈಗಲೂ ಗೊತ್ತಿಲ್ಲ.’

ನಗುತ್ತಲೇ ಹೇಳಿದರು. ಆದರೆ ಅಲ್ಲಿಂದ ಕಟ್ಟೆ ಒಡೆದ ಹಾಗಾಯಿತು. ಬಾಯ್ಲರ್ ನೋಡಿಕೊಳ್ಳುವವರು ಹೇಳಿದರು: ಬೋರ್ಡಿನ ಹತ್ತಿರ ಕರೆದು ನಿಲ್ಲಿಸಿ, ಉತ್ತರ ಹೊಳೆಯುವ ಮೊದಲೇ ‘ಹೋಗಿ ಕೂತ್ಕೋ’ ಅನ್ನುತ್ತಿದ್ದರು. ಇನ್ನೊಬ್ಬರು, ತಪ್ಪು ಬರೆದ ತಮ್ಮ ಸ್ಲೇಟನ್ನು ಮೇಷ್ಟ್ರು ಎತ್ತಿ ಇಡೀ ತರಗತಿಗೆ ತೋರಿಸಿದರು ಎಂದರು. ಕೊನೆಗೆ ಇಸ್ತ್ರಿ ಅತ್ತೆ ಬಾಯಿ ತೆರೆದರು.

ಇಸ್ತ್ರಿ ಅತ್ತೆಯ ಬಗ್ಗೆ ಇಲ್ಲೇ ಹೇಳಬೇಕು. ಬಿಸಿ ಉರುಳೆಗಳ ದೊಡ್ಡ ಇಸ್ತ್ರಿ ಮಷಿನ್ನಿನ ಮುಂದೆ ಇಪ್ಪತ್ತೆರಡು ವರ್ಷ ನಿಂತವರು. ಆ ಮಷಿನ್ನಿಗೆ ಒದ್ದೆ ಬೆಡ್‌ಶೀಟು ಕೊಡಲು ಇಬ್ಬರು ಬೇಕು, ಆಚೆ ತುದಿ ಒಬ್ಬರು, ಈಚೆ ತುದಿ ಒಬ್ಬರು. ಈಚೆ ತುದಿ ಇವರದು. ಆಚೆ ತುದಿ ಹಿಡಿಯಲು ಎರಡು ವರ್ಷದ ಹಿಂದೆ ಬಂದವರು ಇವರ ಸ್ವಂತ ಸೊಸೆ. ಅಂದಿನಿಂದ ಇಡೀ ವಿಭಾಗಕ್ಕೆ ಇವರು ಅತ್ತೆ, ಅವರು ಸೊಸೆ. ಮನೆಯಲ್ಲಿ ಮುಗಿಯದ ಜಗಳ ಬೆಡ್‌ಶೀಟಿನ ಎರಡು ತುದಿಯಲ್ಲಿ ಮುಂದುವರಿಯುತ್ತಿತ್ತು.

‘ನಾನು ಓದಿದ್ರೆ ಎಲ್ಲ ನಗ್ತಿದ್ರು,’ ಅಂದರು ಅತ್ತೆ. ‘ನಗಲಿ ಬಿಡಿ. ನಕ್ಕಾದ ಮೇಲೆ ಪಕ್ಕದಲ್ಲಿದ್ದೋಳು ಎದ್ದು ದೂರ ಹೋಗಿ ಕೂತ್ಳು. ನನ್ನ ದಡ್ಡತನ ಅವಳಿಗೆ ಅಂಟುತ್ತೇನೋ ಅನ್ನೋ ಹಾಗೆ. ಬೆಂಚಲ್ಲಿ ನಾನೊಬ್ಬಳೇ. ಅದನ್ನ ತಡ್ಕೊಳ್ಳೋಕಾಗ್ಲಿಲ್ಲ.’

ಅಕ್ಕ ಕೇಳಿದರು: ‘ಹಾಗಾದ್ರೆ ಇಲ್ಲಿ ಏನು ಮಾಡೋಣ? ನೀವೇ ಹೇಳಿ.’

ಅತ್ತೆಯೇ ಉತ್ತರ ಕೊಟ್ಟರು. ‘ನಗಬೇಡಿ ಅಂದ್ರೆ ಆಗೋ ಮಾತಲ್ಲ. ನಗು ಬರುತ್ತೆ. ಆದ್ರೆ ನಕ್ಕವರು ಎದ್ದು ಬಂದು ಪಕ್ಕದಲ್ಲಿ ಕೂತ್ಕೋಬೇಕು. ಆ ಪಾಠ ಮುಗಿಯೋ ತನಕ, ಜೊತೇಲೇ ಓದ್ಬೇಕು.’

ಹೀಗೆ ಹುಟ್ಟಿದವು ಆ ಕೋಣೆಯ ಕಟ್ಟಳೆಗಳು. ಪ್ರತಿಯೊಂದೂ ಯಾರದೋ ಹಳೆಯ ಗಾಯದಿಂದ. ಬರೆದಿಡೋಣವೆಂದರೆ ಓದುವವರಿಲ್ಲ. ಅಕ್ಕ ನಡು ಸವೆದ ಒಂದು ಬೆಡ್‌ಶೀಟು ತಂದು, ಕೆಂಪು ದಾರದಲ್ಲಿ ಒಂದೊಂದಕ್ಕೂ ಗುರುತು ಹೊಲಿದರು. ಒಂದು ಕಿವಿ, ಅಂದರೆ ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು. ಗಡಿಯಾರದ ಒಂದು ಮುಳ್ಳು, ಅಂದರೆ ಉತ್ತರಕ್ಕೆ ಕಾಯಬೇಕು. ಪ್ರಶ್ನೆಯ ಗುರುತಿನಂಥ ಒಂದು ಕೊಕ್ಕೆ, ಅಂದರೆ ಪ್ರಶ್ನೆ ಕೇಳಿದವರನ್ನು ಅಧಿಕಪ್ರಸಂಗಿ ಅನ್ನಬಾರದು. ಒಂದು ಬೆಂಚು, ಅದರ ಮೇಲೆ ಇಬ್ಬರು. ಅದು ಅತ್ತೆಯದು. ಬೆಡ್‌ಶೀಟನ್ನು ನನ್ನ ಕಪಾಟಿಗೇ ನೇತುಹಾಕಿದರು, ನನ್ನ ಅಪ್ಪಣೆ ಕೇಳಿದ ಮೇಲೆ. ನಾನು ‘ಏನಾದ್ರೂ ಮಾಡ್ಕೋ ಹೋಗು’ ಅಂದಿದ್ದೆ.

ಐದನೆಯ ಕಟ್ಟಳೆಗೆ ಮಾತ್ರ ದೊಡ್ಡ ಗಲಾಟೆಯಾಯಿತು. ಈ ಬಾಗಿಲೊಳಗೆ ಎಲ್ಲರೂ ಎಲ್ಲರಿಗೂ ನೀವು ಅನ್ನಬೇಕು ಎಂದು ಸೂಚಿಸಿದವರು ಬೇರೆ ಯಾರೂ ಅಲ್ಲ, ಸೊಸೆ. ಅತ್ತೆಯ ಕಣ್ಣು ಕೆಂಪಗಾಯಿತು.

‘ನನ್ನ ಸೊಸೆಗೆ ನಾನು ನೀವು ಅನ್ಬೇಕಾ? ಇವತ್ತು ನೀವು ಅಂದ್ರೆ ನಾಳೆ ತಲೆ ಮೇಲೆ ಕೂರ್ತಾಳೆ!’

‘ಈ ಬಾಗಿಲೊಳಗೆ ಮಾತ್ರ,’ ಅಂದರು ಅಕ್ಕ. ‘ಹೊರಗೆ ಹೋದ್ಮೇಲೆ ನಿಮ್ಮ ಸೊಸೆ, ನಿಮ್ಮ ಮಾತು. ಕೈ ಎತ್ತಿ ತೀರ್ಮಾನ ಮಾಡೋಣ.’

ಹತ್ತು ಕೈ ಎದ್ದವು. ಅತ್ತೆ ಮುಖ ಊದಿಸಿಕೊಂಡು ಕೂತರು. ಆದರೆ ಒಪ್ಪಿದ ಮೇಲೆ ಒಪ್ಪಿದರು. ಮರುದಿನ ಬೆಂಚಿನಲ್ಲಿ ಜಾಗ ಸಾಲದಾದಾಗ ಸೊಸೆಯ ಕಡೆ ತಿರುಗಿ, ಬಾಯಲ್ಲಿ ಕಲ್ಲು ಇಟ್ಟುಕೊಂಡವರಂತೆ, ‘ಸೊಸೆಯವರೇ, ದಯಮಾಡಿ ಒಂಚೂರು ಸರ್ಕೊಳ್ಳಿ’ ಅಂದರು. ಸೊಸೆ ಸರಿದರು. ಅವರ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಅದು ತಮಾಷೆಯಾಗಿ ಕಂಡಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಕ್ಕ ಮೊದಲು ಕಲಿಸಿದ ಪದವೇ ಅದು, ನೀವು. ‘ನೋಡಿ, ನೀನು ಅನ್ನೋದಕ್ಕೂ ನೀವು ಅನ್ನೋದಕ್ಕೂ ಒಂದೇ ಅಕ್ಷರ ವ್ಯತ್ಯಾಸ. ನು ತೆಗೆದು ವು ಹಾಕಿದ್ರೆ ಸಾಕು, ಮನುಷ್ಯರು ದೊಡ್ಡವರಾಗ್ತಾರೆ.’ ಮೂರು ತಿಂಗಳಲ್ಲಿ ಎಂಟು ಜನ ತಡವರಿಸುತ್ತಲಾದರೂ ಸಾಲು ಸಾಲು ಓದತೊಡಗಿದರು. ಸೊಸೆ ಎಲ್ಲರಿಗಿಂತ ಮುಂದೆ. ಬೆಡ್‌ಶೀಟಿನಲ್ಲಿ ಕಿವಿಯ ಕೆಳಗೆ ‘ಕೇಳಿ’ ಎಂದೂ, ಮುಳ್ಳಿನ ಕೆಳಗೆ ‘ಕಾಯಿರಿ’ ಎಂದೂ ಅವರವರೇ ಹೊಲಿದರು. ಎಲ್ಲರಿಗಿಂತ ಹಿಂದೆ ಉಳಿದವರು ಇಸ್ತ್ರಿ ಅತ್ತೆ. ಅವರನ್ನು ಒಂದು ಅಕ್ಷರ ಕಾಡುತ್ತಿತ್ತು.

ನಮ್ಮ ವು ಮತ್ತು ಮ ನೋಡಿದ್ದೀರಲ್ಲ? ಓದಿ ಓದಿ ನಮಗೆ ಅವು ಬೇರೆಬೇರೆ ಕಾಣುತ್ತವೆ, ಅಷ್ಟೇ. ಹೊಸದಾಗಿ ನೋಡುವವರಿಗೆ ಅವಳಿ ಜವಳಿ. ಬಾಲ ಪಕ್ಕದಿಂದ ಎದ್ದರೆ ಮ, ಅಡಿಯಿಂದ ಎದ್ದರೆ ವು. ಅತ್ತೆಗೆ ಆ ಬಾಲ ಕೈಗೆ ಸಿಗುತ್ತಿರಲಿಲ್ಲ. ಪರೀಕ್ಷೆಗೆ ಮೂರು ವಾರ ಇದ್ದಾಗ ಒಂದು ಮಧ್ಯಾಹ್ನ ಅವರು ಎದ್ದು ನಿಂತು, ಬೆರಳಿಟ್ಟು, ಗಟ್ಟಿಯಾಗಿ ಓದಿದರು: ‘ನೀಮ... ಹೂಮ... ತಂದಿರಾ?’

ನಾನು ನಕ್ಕೆ. ರಿಜಿಸ್ಟರಿನ ಹಿಂದಿನಿಂದ, ತಡೆಯಲಾರದೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ‘ಹೂಮ ಅಂತೆ!’ ಅಂದೆ. ನನ್ನ ನಗು ಕೇಳಿ ಸೊಸೆಯೂ ಫಕ್ಕನೆ ನಕ್ಕುಬಿಟ್ಟರು.

ಅತ್ತೆ ಪುಸ್ತಕ ಮುಚ್ಚಿ ಬೆಂಚಿನ ಮೇಲಿಟ್ಟರು. ‘ನಾನು ಇನ್ನು ಬರಲ್ಲ,’ ಅಂದರು. ‘ಪರೀಕ್ಷೆಗೂ ಬರಲ್ಲ. ತೆಗೆದುಹಾಕಿದ್ರೆ ಹಾಕಲಿ.’ ಹೋಗಿಬಿಟ್ಟರು. ಇಪ್ಪತ್ತೆರಡು ವರ್ಷದ ಕೆಲಸ ನನ್ನ ಒಂದು ನಗುವಿನಲ್ಲಿ ಹೋಗುವುದರಲ್ಲಿತ್ತು. ಅದು ನನಗೆ ಆಗ ಹೊಳೆಯಲೂ ಇಲ್ಲ.

ಅಕ್ಕ ಅವರ ಹಿಂದೆ ಓಡಲಿಲ್ಲ. ಬೆಡ್‌ಶೀಟಿನ ಕಡೆ ನೋಡಿ, ‘ಯಾರು ಯಾರು ನಕ್ರಿ?’ ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸೊಸೆ ಕೈ ಎತ್ತಿದರು. ಅಕ್ಕ ಕನ್ನಡಕದ ಮೇಲಿನಿಂದ ನನ್ನ ಕಡೆ ತಿರುಗಿ ಸುಮ್ಮನೆ ಕಾದರು.

‘ಏನ್ ನೋಡ್ತೀಯಾ?’ ಅಂದೆ. ‘ನಾನೇನು ನಿನ್ನ ಶಾಲೆ ಸೇರಿದೀನಾ?’

‘ಇಲ್ಲ ಸಾರ್. ಆದ್ರೆ ನಗು ಈ ಕೋಣೇಲೇ ಬಿತ್ತಲ್ಲ. ಕಟ್ಟಳೆ ಕೋಣೆಗೆ ಮಾಡಿದ್ದು.’

ನನ್ನ ಮೈ ಉರಿದುಹೋಯಿತು. ಒಬ್ಬ ಹೊಲಿಗೆಯವಳು ಗುಮಾಸ್ತನಿಗೆ ಬುದ್ಧಿ ಹೇಳುವುದೇ? ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬಾಗಿಲು ಧಡಾರನೆ ಹಾಕಿ ಅರ್ಧ ಗಂಟೆ ಮೊದಲೇ ಮನೆಗೆ ಹೋದೆ. ಅವರು ನನಗೆ ಒಂದು ಮಾತೂ ತಿರುಗಿಸಿ ಆಡಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು.

ಮನೆಯಲ್ಲಿ ನನ್ನ ಹೆಂಡತಿ ಹಜಾರದಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದಳು. ಎಲ್ಲವನ್ನೂ ಹೇಳಿದೆ, ಹೂಮದ ಜೋಕಿನ ಸಮೇತ. ಅವಳು ನಗುತ್ತಾಳೆಂದು ಕಾದೆ.

‘ನೀವು ನಕ್ಕಿದ್ದು ಹೌದೋ ಅಲ್ವೋ?’ ಅಂದಳು.

‘ನಕ್ಕೆ. ಯಾರಾದ್ರೂ ನಗ್ತಾರೆ.’

ಅವಳು ಟವೆಲ್ಲನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದಳು. ‘ಮದುವೆಯಾದ ಹೊಸದರಲ್ಲಿ ಒಂದಿನ ನಾನು ನಿಮಗೆ ಪೇಪರ್ ಓದಿ ಹೇಳ್ತಿದ್ದೆ. ಮಂತ್ರಿಮಂಡಲ ಅನ್ನೋ ಕಡೆ ತಡವರಿಸಿದೆ. ನೀವು ನಕ್ರಿ. ಎದ್ದು ಸ್ನಾನಕ್ಕೆ ಹೋದ್ರಿ. ಆಮೇಲೆ ನಾನು ನಿಮ್ಮೆದುರು ಪೇಪರ್ ಹಿಡಿದಿದ್ದು ಯಾವತ್ತಾದ್ರೂ ನೋಡಿದೀರಾ?’

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಇಪ್ಪತ್ತಾರು ವರ್ಷ. ಅವಳಿಗೆ ಪೇಪರಿನಲ್ಲಿ ಆಸಕ್ತಿ ಇಲ್ಲವೆಂದೇ ನಾನು ತಿಳಿದಿದ್ದೆ. ನೆಂಟರಿಗೂ ಹಾಗೆಂದೇ ಹೇಳುತ್ತಿದ್ದೆ. ‘ನೀವು ಆಫೀಸಿಗೆ ಹೋದ್ಮೇಲೆ ಓದ್ತೀನಿ,’ ಅಂದಳು. ‘ದಿನಾ ಓದ್ತೀನಿ.’ ಟವೆಲ್ಲುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆ ಹಜಾರದಲ್ಲಿ ನನ್ನ ಇಪ್ಪತ್ತಾರು ವರ್ಷದ ಮರ್ಯಾದೆ ನೆಲ ಕಚ್ಚಿ ಬಿದ್ದಿತ್ತು.

ಮರುದಿನ ಮೂರು ಗಂಟೆಗೆ ಪಾಠದ ಕೋಣೆಯಲ್ಲಿ ಸೊಸೆ ಇರಲಿಲ್ಲ. ಅಕ್ಕನೂ ಇರಲಿಲ್ಲ, ಉಳಿದ ಯಾರೂ ಇರಲಿಲ್ಲ, ಕಪಾಟಿನ ಬೆಡ್‌ಶೀಟೂ ಇರಲಿಲ್ಲ. ಇಸ್ತ್ರಿ ವಿಭಾಗದ ಕಡೆಯಿಂದ ದನಿ ಕೇಳಿಸಿತು. ಹೋಗಿ ಬಾಗಿಲಲ್ಲಿ ನಿಂತೆ. ಉರುಳೆಗಳು ನಿಂತಿದ್ದವು, ಇನ್ನೂ ಬಿಸಿ ಉಸಿರು ಬಿಡುತ್ತಿದ್ದವು. ಬಟ್ಟೆ ಮಡಚುವ ಉದ್ದನೆಯ ಮೇಜಿನ ಬಳಿ ಅತ್ತೆ ಬೆನ್ನು ತಿರುಗಿಸಿ ಕೂತಿದ್ದರು. ಅವರ ಪಕ್ಕದಲ್ಲಿ ಸೊಸೆ, ಪುಸ್ತಕ ತೆರೆದುಕೊಂಡು. ಉಳಿದ ಒಂಬತ್ತು ಜನವೂ ಸುತ್ತ ನೆಲದಲ್ಲಿ, ಬುಟ್ಟಿಗಳ ಮೇಲೆ, ಎಲ್ಲೆಲ್ಲೋ. ಗೋಡೆಯ ಕೊಳವೆಗೆ ಬೆಡ್‌ಶೀಟು ನೇತಾಡುತ್ತಿತ್ತು. ಅತ್ತೆ ಕೋಣೆಗೆ ಬರುವುದಿಲ್ಲ ಅಂದದ್ದಕ್ಕೆ ಕೋಣೆಯೇ ಎದ್ದು ಅತ್ತೆಯ ಬಳಿಗೆ ಬಂದಿತ್ತು.

ಸೊಸೆ ಹೇಳುತ್ತಿದ್ದರು: ‘ಅತ್ತೆ, ನೀವು ಮಾತಾಡ್ಬೇಡಿ. ನಾನು ಪಕ್ಕದಲ್ಲಿ ಕೂತಿರ್ತೀನಿ. ಕಟ್ಟಳೆ ನೀವೇ ಮಾಡಿದ್ದು.’

ಅತ್ತೆಯ ಇನ್ನೊಂದು ಪಕ್ಕ ಖಾಲಿ ಇತ್ತು. ಅಲ್ಲಿ ಒಂದು ಸ್ಟೂಲು. ಅದನ್ನು ಯಾರು, ಯಾರಿಗಾಗಿ ಇಟ್ಟಿದ್ದರೆಂದು ಕೇಳುವ ಅಗತ್ಯವಿರಲಿಲ್ಲ. ಅಕ್ಕ ನನ್ನ ಕಡೆ ನೋಡಲೂ ಇಲ್ಲ, ಬಾಯ್ಲರಿನವರ ನೋಟುಬುಕ್ಕು ತಿದ್ದುತ್ತಿದ್ದರು. ಆ ಸ್ಟೂಲಿಗೆ ಹದಿನೈದು ಹೆಜ್ಜೆ. ನನ್ನ ಜೀವನದಲ್ಲಿ ಅಷ್ಟು ಉದ್ದದ ದಾರಿ ನಾನು ನಡೆದಿಲ್ಲ. ಹೋಗಿ ಕೂತೆ.

‘ಅಮ್ಮಾ,’ ಅಂದೆ. ‘ನಕ್ಕಿದ್ದು ಮೊದಲು ನಾನು. ನೀವು... ನೀವು ಓದಿ.’

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಬಾಯಲ್ಲಿ ಮೊದಲ ಸಲ ಕೇಳಿದ ನೀವು ಅದು. ‘ಹೀಗೆ ಕೂತ್ರೆ ನಿಮ್ಮ ರಿಜಿಸ್ಟರ್ ಯಾರು ನೋಡ್ತಾರೆ?’ ಅಂದರು. ಆಮೇಲೆ ಬೆರಳನ್ನು ಪುಟದ ಮೇಲಿಟ್ಟರು.

ಮೂರು ವಾರ ನಾನು ಆ ಸ್ಟೂಲಿನಲ್ಲಿ ಕೂತೆ. ಅತ್ತೆ ದಿನವೂ ಬಾಲ ಹುಡುಕುತ್ತಿದ್ದರು, ಅಡಿಯಿಂದಲೋ ಪಕ್ಕದಿಂದಲೋ ಎಂದು. ನಾನು ಅಕ್ಕನನ್ನು ನೋಡುತ್ತಿದ್ದೆ. ಒಬ್ಬರು ಓದುವಾಗ ಅವರು ತುಟಿಯನ್ನೂ ಅಲ್ಲಾಡಿಸುತ್ತಿರಲಿಲ್ಲ, ತಮ್ಮ ತುಟಿ ನೋಡಿ ಉತ್ತರ ಹಿಡಿದುಬಿಟ್ಟಾರೆಂದು. ಒಂದು ಪದಕ್ಕೆ ಎರಡು ನಿಮಿಷ ಹಿಡಿದರೆ ಎರಡು ನಿಮಿಷ ಕಾಯುತ್ತಿದ್ದರು. ಎರಡು ನಿಮಿಷದ ಮೌನ ಎಷ್ಟು ಉದ್ದ ಎಂದು ಬೇಕಾದರೆ ಈಗಲೇ ಕೂತು ನೋಡಿ. ಒಮ್ಮೆ ಅವರು ತಾವೇ ಕಟ್ಟಳೆ ಮುರಿದರು. ದಣಿದಿದ್ದರೇನೋ, ಬಾಯ್ಲರಿನವರು ಹೇಳುವ ಮೊದಲೇ ಉತ್ತರ ಹೇಳಿಬಿಟ್ಟರು. ತಕ್ಷಣ ನಾಲಿಗೆ ಕಚ್ಚಿಕೊಂಡು ಎದ್ದು ನಿಂತರು. ‘ತಪ್ಪಾಯ್ತು. ನಿಮ್ಮ ಉತ್ತರ ನಾನು ಕಿತ್ಕೊಂಡೆ. ಇನ್ನೊಂದು ಪ್ರಶ್ನೆ ನೀವೇ ಆರಿಸಿ.’ ಆ ಅರವತ್ತರ ಹತ್ತಿರದ ಬಾಯ್ಲರಿನವರು ದಿಕ್ಕೆಟ್ಟವರಂತೆ ಸುತ್ತ ನೋಡಿದರು. ಅವರ ಬಳಿ ಅಲ್ಲಿಯವರೆಗೆ ಯಾರೂ ಕ್ಷಮೆ ಕೇಳಿರಲಿಲ್ಲವಂತೆ. ಏಳನೇ ಕ್ಲಾಸಿನವರು, ಹರಿದ ಬಟ್ಟೆ ಹೊಲಿಯುವವರು, ಈ ವಿದ್ಯೆ ಎಲ್ಲಿ ಕಲಿತರು? ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ, ‘ಬೇಕಾಗಿತ್ತಲ್ಲ ಸಾರ್, ಅದಕ್ಕೆ’ ಅಂದರು.

ಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ಮುಖ್ಯ ಕಚೇರಿಯಿಂದ ಒಬ್ಬ ಸಾಹೇಬರು ನನ್ನ ಉಗ್ರಾಣಕ್ಕೆ ಬಂದರು. ಬೆಡ್‌ಶೀಟು ಮತ್ತೆ ನನ್ನ ಕಪಾಟಿಗೇ ಬಂದಿತ್ತು. ಮೂವತ್ತರ ಆಸುಪಾಸು, ಕೈಗಡಿಯಾರ ನೋಡುತ್ತಲೇ ಒಳಗೆ ಬಂದವರು. ಅಕ್ಕ ಕೋಣೆಯಲ್ಲಿರಬಾರದೆಂದು ಮೇಲ್ವಿಚಾರಕರು ಹೇಳಿದ್ದರು, ಹೇಳಿಕೊಟ್ಟಾರೆಂಬ ಅನುಮಾನ. ಅವರು ಪಕ್ಕದ ಕೋಣೆಯಲ್ಲಿ ಮಷಿನ್ ತುಳಿಯುತ್ತಿದ್ದರು. ಆ ಸದ್ದು ಗೋಡೆಯಾಚೆಯಿಂದ ಒಂದೇ ಸಮನೆ ಬರುತ್ತಿತ್ತು. ಹೆಸರು ಕರೆಯುವುದು ನನ್ನ ಕೆಲಸ. ಹತ್ತು ಜನ ಬಂದರು, ಓದಿದರು, ಹೋಗಿ ಗೋಡೆಗೊರಗಿ ಕೂತರು. ಹತ್ತೂ ಪಾಸು. ಉಳಿದವರು ಅತ್ತೆ.

‘ಬಾ, ಓದು,’ ಅಂದರು ಸಾಹೇಬರು, ಹೊಸ ಮಷಿನ್ನಿನ ಫಲಕದ ಪ್ರತಿಯೊಂದನ್ನು ಮೇಜಿನ ಮೇಲೆ ತಳ್ಳಿ.

ಅತ್ತೆ ಬೆಂಚಿನಲ್ಲಿ ಕೂತು ಬೆರಳಿಟ್ಟರು. ‘ಮೊದಲು... ನೀ... ವು.’ ಬಾಲ ಅಡಿಯಿಂದ ಎದ್ದಿತ್ತು, ಹಿಡಿದರು. ಸೊಸೆ ಗೋಡೆಯ ಬಳಿ ಕಣ್ಣು ಮುಚ್ಚಿಕೊಂಡರು. ಅತ್ತೆಗೆ ಗೆದ್ದ ಹುರುಪು ಬಂತು, ಮುಂದಿನ ಪದಕ್ಕೆ ನುಗ್ಗಿದರು: ‘ವುಚ್ಚಳ... ವುಚ್ಚಿ.’

ಮುಚ್ಚಳ ಮುಚ್ಚಿ ಎಂದಿತ್ತು. ಮೂರು ವಾರ ವು ಹುಡುಕಿ ಹುಡುಕಿ ಈಗ ಅವರಿಗೆ ಎಲ್ಲೆಲ್ಲೂ ವು ಕಾಣುತ್ತಿತ್ತು. ಸಾಹೇಬರು ನಕ್ಕರು. ಕೆಟ್ಟ ನಗುವಲ್ಲ, ನಾನು ನಕ್ಕಂಥದೇ ನಗು. ‘ವುಚ್ಚಳ ವುಚ್ಚೋದು!’ ಅಂದರು. ಅವರ ಪೆನ್ನು ಕಾಗದದ ಕಡೆ ಹೋಯಿತು.

ಪಕ್ಕದ ಕೋಣೆಯಲ್ಲಿ ಮಷಿನ್ ನಿಂತಿತು.

ಅತ್ತೆ ತಲೆ ಎತ್ತಿದರು. ಈಗ ಎದ್ದು ಹೋಗುತ್ತಾರೆ ಅಂದುಕೊಂಡೆ. ಅವರು ಎದ್ದೇಳಲಿಲ್ಲ. ಬೆಂಚಿನಲ್ಲಿ ಒಂದು ಮೊಳ ಪಕ್ಕಕ್ಕೆ ಸರಿದು, ಖಾಲಿಯಾದ ಜಾಗವನ್ನು ಸೆರಗಿನಿಂದ ಒರೆಸಿದರು.

‘ಸಾರ್, ನೀವು ನಕ್ರಿ,’ ಅಂದರು. ‘ಬೇಜಾರಿಲ್ಲ. ಆದ್ರೆ ಈ ಕೋಣೇಲಿ ನಕ್ಕವರು ಬಂದು ಪಕ್ಕದಲ್ಲಿ ಕೂತ್ಕೋಬೇಕು. ಬನ್ನಿ, ಕೂತ್ಕೊಳ್ಳಿ. ಓದ್ತೀನಿ.’

ಸಾಹೇಬರ ಮುಖ ಬಿಗಿಯಿತು. ‘ಏನಿದು?’ ಎಂದು ನನ್ನ ಕಡೆ ತಿರುಗಿದರು. ಆ ಪೆನ್ನಿನ ಒಂದು ಗೀಟು ಸಾಕಿತ್ತು ಅತ್ತೆಯ ಕೆಲಸ ಹೋಗಲು. ನನ್ನ ಕೆಲಸಕ್ಕೂ ಕುತ್ತು ಬರಬಹುದಿತ್ತು. ನಾನು ಎದ್ದು ನಿಂತೆ.

‘ಹೌದು ಸಾರ್, ಕಟ್ಟಳೆ ಇದೆ,’ ಅಂದೆ. ಬೆಡ್‌ಶೀಟಿನ ಮೇಲಿನ ಬೆಂಚನ್ನು ತೋರಿಸಿದೆ. ‘ನಾನೂ ನಕ್ಕಿದ್ದೆ. ಮೂರು ವಾರ ಕೂತಿದ್ದೆ.’

ಸಾಹೇಬರು ಬೆಡ್‌ಶೀಟು ನೋಡಿದರು. ಕಿವಿ, ಮುಳ್ಳು, ಕೊಕ್ಕೆ, ಬೆಂಚು. ಒಂದೊಂದರ ಕೆಳಗೂ ಕೆಂಪು ದಾರದ ವಕ್ರವಕ್ರ ಅಕ್ಷರ. ಒಂದೊಂದನ್ನೂ ಓದಿದರು, ತುಟಿ ಅಲ್ಲಾಡುತ್ತಿತ್ತು. ಗೋಡೆಯ ಬಳಿಯ ಹತ್ತು ಜನ ಕಾಯುತ್ತಿದ್ದರು. ಕಾಯುವುದನ್ನು ಅವರು ಚೆನ್ನಾಗಿ ಕಲಿತಿದ್ದರು. ಕೊನೆಗೆ ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು, ಮೇಜು ಬಳಸಿ ಬಂದು, ಆ ಮೊಳದಗಲ ಜಾಗದಲ್ಲಿ ಮೊಣಕಾಲು ಮಡಚಿಕೊಂಡು ಕೂತರು.

‘ಓದಿ ಅಮ್ಮಾ,’ ಅಂದರು. ‘ನಿಧಾನವಾಗಿ ಓದಿ.’

ಅತ್ತೆ ಮೊದಲಿನಿಂದ ಶುರುಮಾಡಿದರು. ಆ ಪದದ ಬಳಿ ಬಂದಾಗ ಬೆರಳು ನಿಂತಿತು. ಸಾಹೇಬರು ಹೇಳಿಕೊಡಲು ಬಾಯಿ ತೆರೆದರು, ಬೆಡ್‌ಶೀಟಿನ ಮುಳ್ಳನ್ನು ನೋಡಿ ಮುಚ್ಚಿದರು. ಅತ್ತೆ ಬಾಲವನ್ನು ಬೆರಳಿನಿಂದ ತಡವಿದರು. ‘ಪಕ್ಕದಿಂದ ಎದ್ದಿದೆ,’ ಎಂದು ತಮಗೇ ಹೇಳಿಕೊಂಡರು. ‘ಮು. ಮುಚ್ಚಳ ಮುಚ್ಚಿ.’ ಅಲ್ಲಿಂದ ಕೊನೆಯ ಸಾಲಿನವರೆಗೆ ಅವರನ್ನು ಯಾವುದೂ ತಡೆಯಲಿಲ್ಲ. ಗೋಡೆಯಾಚೆ ಮಷಿನ್ ಮತ್ತೆ ಶುರುವಾಗಿತ್ತು.

ಹನ್ನೊಂದೂ ಪಾಸು. ಸುದ್ದಿ ಹೇಳಲು ನಾನು ಪಕ್ಕದ ಕೋಣೆಗೆ ಹೋದಾಗ ಅಕ್ಕ ಬೆಡ್‌ಶೀಟೊಂದರ ನಡುವಿನ ಹೊಲಿಗೆಯನ್ನು ಉಗುರಿನಿಂದ ಉಜ್ಜುತ್ತಿದ್ದರು. ಕಣ್ಣು ಒದ್ದೆಯಾಗಿತ್ತು. ‘ನಿಮ್ಮ ಕಟ್ಟಳೆ ಉಳಿಸ್ತು ಅಕ್ಕಾ,’ ಅಂದೆ. ‘ನಂದಲ್ಲ ಸಾರ್, ಅವರದ್ದು,’ ಅಂದರು. ನಾನು ಅವರಿಗೆ ನಮಸ್ಕಾರ ಮಾಡಿದೆ. ಇಪ್ಪತ್ತೇಳು ವರ್ಷದಲ್ಲಿ ಆಸ್ಪತ್ರೆಯಲ್ಲಿ ಎಷ್ಟೋ ದೊಡ್ಡವರಿಗೆ ಕೈ ಮುಗಿದಿದ್ದೇನೆ. ಮನಸ್ಸಿನಿಂದ ಮುಗಿದದ್ದು ಆವತ್ತು.

ಸಂಜೆ ಮನೆಗೆ ಬಂದು ಪೇಪರ್ ತೆಗೆದುಕೊಂಡೆ. ನನ್ನ ಕುರ್ಚಿ ಬಿಟ್ಟು ಹೆಂಡತಿಯ ಪಕ್ಕದಲ್ಲಿ, ಚಾಪೆಯ ಮೇಲೆ ಕೂತೆ. ಪೇಪರನ್ನು ಅವಳ ಮಡಿಲಲ್ಲಿಟ್ಟು, ‘ನೀವು ಓದಿ,’ ಅಂದೆ.

ಅವಳು ಮೊದಲು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ಬಂದಿದೆಯೇನೋ ಎಂದು. ಆಮೇಲೆ ಬಹಳ ಹೊತ್ತು ನನ್ನ ಮುಖವನ್ನೇ ನೋಡುತ್ತಾ ಕೂತಳು. ನಾನು ಕಾದೆ. ಕೊನೆಗೆ ಅವರು ಎದ್ದು, ತಮ್ಮ ಕನ್ನಡಕ ತರಲು ಒಳಗೆ ಹೋದರು.